ಮಾವಿನ ನೆರಳಿನ ಹಂಚಿಕೆ ಮತ್ತು ಎರಡನೇ ತರಗತಿಯ ವರ್ತನೆ ಕುರಿತು

ಸಂಖ್ಯೆ: ಶಿಇ/ವೃವಿ/ನೆರಳು/೩
ಶಿಬಿರ: ಶಾಲಾ ಆವರಣದ ಮಾವಿನ ಮರದ ಬುಡ
(ಕಚೇರಿಯಲ್ಲಿ ಏಕಿಲ್ಲ ಎಂಬುದಕ್ಕೆ ಕಂಡಿಕೆ ೯ ನೋಡುವುದು)

ಸುತ್ತೋಲೆ

ವಿಷಯ: ಮುಖ್ಯೋಪಾಧ್ಯಾಯರು ಹಾಗೂ ಬೋಧಕ ಸಿಬ್ಬಂದಿಯ ವೃತ್ತಿ ವಿಕಸನ ತರಬೇತಿ: ಮಾವಿನ ಮರದ ನೆರಳನ್ನು ಹುದ್ದೆಗನುಗುಣವಾಗಿ ಹಂಚುವ ಬಗ್ಗೆ, ಹಾಗೂ ಸದರಿ ನೆರಳಿನ ಹಿಂದಿನ ಅನುಭೋಗದಾರರಾದ ಎರಡನೇ ತರಗತಿಯ ಬಗ್ಗೆ.

ಉಲ್ಲೇಖ: (೧) ನೆರಳು ತೆರವುಗೊಳಿಸುವ ಈ ಇಲಾಖೆಯ ಮೊದಲ ಆದೇಶ.
(೨) ಕಲಿಯುತ್ತಿರುವವರನ್ನು ಎಬ್ಬಿಸಬಾರದೆಂಬ ಎರಡನೇ ಆದೇಶ.
(೩) ಎರಡನೇ ತರಗತಿಯ ಶಿಕ್ಷಕಿ ಶ್ರೀಮತಿ ಎಫ್ರಿಡಾ ಕಲಿಮಂಜಿರ ಅವರ ಮೌಖಿಕ ಮನವಿ, ಮರುಮನವಿ, ಮತ್ತು ಮನವಿ ಎನ್ನಲಾಗದ ಕೆಲವು ಮಾತುಗಳು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲರ ಗಮನಕ್ಕೆ ಈ ಕೆಳಗಿನ ಅಂಶಗಳನ್ನು ತರಲಾಗಿದೆ.

೧. "ಕೊಠಡಿಗಳಿಲ್ಲದೆ ಮರದ ಕೆಳಗೆ ಪಾಠ ಮಾಡುವ ಕಲೆ" ಎಂಬ ಮೂರು ದಿನಗಳ ತರಬೇತಿಯು ಯಶಸ್ವಿಯಾಗಿ ಐದನೇ ವಾರಕ್ಕೆ ಕಾಲಿಟ್ಟಿರುತ್ತದೆ. ಮಲಾವಿ ದೇಶದಲ್ಲಿ, ಬಹುಶಃ ಭೂಮಂಡಲದಲ್ಲಿ, ಇಂತಹ ತರಬೇತಿ ಹಿಂದೆ ನಡೆದಿಲ್ಲ. ಮೊದಲ ದಿನದ ಉಪನ್ಯಾಸ ಕೇಳಲು ಶಾಲೆಯ ಪಕ್ಕದ ಸರೋವರದ ಮೀನುಗಳೆಲ್ಲ ಈ ದಡಕ್ಕೇ ಬಂದು ನಿಂತ ಕಾರಣ ನಡುನೀರಿನಲ್ಲಿ ಬಲೆ ಬೀಸಿದವರಿಗೆ ಒಂದು ಮೀನೂ ಸಿಗಲಿಲ್ಲ. ಮೀನುಗಾರರ ದೂರನ್ನು ಮೆಚ್ಚುಗೆ ಪತ್ರವೆಂದು ಪರಿಗಣಿಸಿ ಕಡತಕ್ಕೆ ಸೇರಿಸಲಾಗಿದೆ.

೨. ಮರದ ಕೆಳಗಿನ ಪಾಠವನ್ನು ಸಭಾಂಗಣದಲ್ಲಿ ಕಲಿಸಿದರೆ ಅದು ಪುಸ್ತಕದ ಬದನೆಕಾಯಿಯಾಗುವುದರಿಂದ ತರಬೇತಿಯನ್ನು ಮರದ ಕೆಳಗೇ ನಡೆಸತಕ್ಕದ್ದೆಂದು ತೀರ್ಮಾನಿಸಲಾಯಿತು. ಶಾಲೆಯಲ್ಲಿ ಹೇಳಿಕೊಳ್ಳುವಂಥ ಮರವಿರುವುದು ಒಂದೇ. ಅದರ ಕೆಳಗೆ ಎರಡನೇ ತರಗತಿಯ ನೂರಕ್ಕೆ ಕಡಿಮೆಯಿಲ್ಲದ ಮಕ್ಕಳು ಯಾವುದೇ ತರಬೇತಿಯಿಲ್ಲದೆ ಕುಳಿತು ಕಲಿಯುತ್ತಿದ್ದುದು ಕಂಡುಬಂದಿದ್ದರಿಂದ, ಉಲ್ಲೇಖ (೧)ರ ಆದೇಶದಂತೆ ಅವರನ್ನು ಕೂಡಲೇ ತೆರವುಗೊಳಿಸಲಾಯಿತು.

೩. ನೆರಳಿನ ಹಂಚಿಕೆ ಈ ಕೆಳಗಿನಂತಿರತಕ್ಕದ್ದು:
(ಅ) ದಟ್ಟ ನೆರಳು: ಜಿಲ್ಲಾ ಶಿಕ್ಷಣಾಧಿಕಾರಿಗಳಾದ ಶ್ರೀ ವಿಲ್ಫ್ರೆಡ್ ನಾಮಾಲೋಂಬ ಅವರಿಗೆ.
(ಆ) ಸಾಧಾರಣ ನೆರಳು: ಮುಖ್ಯೋಪಾಧ್ಯಾಯರಿಗೆ.
(ಇ) ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆ ಬೀಳುವ ನೆರಳು: ಹಿರಿಯ ಶಿಕ್ಷಕರಿಗೆ.
(ಈ) ಸಂಜೆ ಹೊತ್ತಿಗೆ ಬರಬಹುದಾದ ನೆರಳು: ಉಳಿದವರಿಗೆ.
ಸೂರ್ಯನು ಪೂರ್ವಾನುಮತಿ ಇಲ್ಲದೆ ಚಲಿಸುತ್ತಿರುವುದರಿಂದ ಕುರ್ಚಿಗಳನ್ನು ಆಗಾಗ ಸರಿಸತಕ್ಕದ್ದು. ಯಾವ ಕಾರಣಕ್ಕೂ ಕಿರಿಯರು ಹಿರಿಯರಿಗಿಂತ ಮುಂದೆ ಹೆಜ್ಜೆ ಇಡತಕ್ಕದ್ದಲ್ಲ. ಮೋಡ ಕವಿದು ಎಲ್ಲರಿಗೂ ಒಂದೇ ಸಮನೆ ನೆರಳಾದಲ್ಲಿ, ಮೋಡ ಸರಿಯುವವರೆಗೆ ಕಿರಿಯ ಸಿಬ್ಬಂದಿಯು ಬಿಸಿಲಿನಲ್ಲಿರುವಂತೆ ಮುಖ ಮಾಡಿಕೊಂಡಿರತಕ್ಕದ್ದು.

೪. ಉಪನ್ಯಾಸದ ಮಧ್ಯೆ ಬೀಳುವ ಮಾವಿನಹಣ್ಣು ಯಾವ ದರ್ಜೆಯ ನೆರಳಿನಲ್ಲಿ ಬಿದ್ದಿದೆಯೋ ಆ ದರ್ಜೆಯವರಿಗೆ ಸೇರುತ್ತದೆ. ತಲೆಯ ಮೇಲೆ ಬಿದ್ದಲ್ಲಿ ಅದನ್ನು ಪ್ರಾಯೋಗಿಕ ಕಲಿಕೆ ಎಂದು ನಮೂದಿಸತಕ್ಕದ್ದು. ಬೋಳುತಲೆಗೆ ನೇರವಾಗಿ ಹಣ್ಣು ಬಿದ್ದ ಮುಖ್ಯೋಪಾಧ್ಯಾಯ ಶ್ರೀ ಲಾಮೆಕ್ ಚಿಂಗೋಟ ಅವರು, "ಇಷ್ಟು ದಿನದಲ್ಲಿ ತಲೆಗೆ ಹತ್ತಿದ್ದು ಇದೊಂದೇ ನೋಡಿ ಬ್ವಾನಾ" (ಬ್ವಾನಾ ಎಂದರೆ ಸಾಹೇಬರು) ಎಂದಿರುತ್ತಾರೆ. ಸದರಿ ಹೇಳಿಕೆಯನ್ನು ಶಿಬಿರಾರ್ಥಿಗಳ ತೃಪ್ತಿ ಎಂಬ ತಲೆಬರಹದಡಿ ದಾಖಲಿಸಿಕೊಳ್ಳಲಾಗಿದೆ.

೫. ಮಳೆ ಚಪ್ಪಾಳೆ, ಅಂದರೆ ಮೊದಲು ಒಂದು ಬೆರಳಿನಿಂದ ತಟ್ಟಿ, ನಂತರ ಎರಡು, ಮೂರು, ಕೊನೆಗೆ ಇಡೀ ಅಂಗೈಯಿಂದ ಬಾರಿಸುವ ಚಪ್ಪಾಳೆಯನ್ನು ಇನ್ನು ಮುಂದೆ ಅಧಿಕಾರಿಗಳ ಭಾಷಣಕ್ಕೆ ಮಾತ್ರ ಮೀಸಲಿಡಲಾಗಿದೆ. ಕಳೆದ ವಾರ ಈ ಚಪ್ಪಾಳೆ ಎಷ್ಟು ಜೋರಾಗಿತ್ತೆಂದರೆ, ಸರೋವರದ ಆಚೆ ದಡದ ಮೊಜಾಂಬಿಕ್‌ನ ಹೆಂಗಸರು ಒಣಹಾಕಿದ ಮರಗೆಣಸನ್ನೆಲ್ಲ ಗಡಿಬಿಡಿಯಿಂದ ಒಳಗೆ ಹೊತ್ತೊಯ್ದರು. ಅನ್ಯದೇಶದ ಸಂಬಂಧದ ದೃಷ್ಟಿಯಿಂದ ಇತರರ ಭಾಷಣಗಳಿಗೆ ಎರಡು ಬೆರಳು ಮೀರತಕ್ಕದ್ದಲ್ಲ.

೬. ಈ ನಡುವೆ, ತೆರವುಗೊಂಡ ಎರಡನೇ ತರಗತಿಯನ್ನು ನವೆಂಬರ್ ಬಿಸಿಲಿನಲ್ಲಿ ಶೌಚಾಲಯದ ಗೋಡೆಯ ಬದಿಗೆ ಕೂರಿಸಿಕೊಂಡಿದ್ದ ಶ್ರೀಮತಿ ಎಫ್ರಿಡಾ ಅವರು ಕರಿಹಲಗೆಯನ್ನು ತಲೆಯ ಮೇಲೆ ಹೊತ್ತು ನೇರವಾಗಿ ದಟ್ಟ ನೆರಳಿಗೇ ನುಗ್ಗಿದರು. ನಡೆದ ಮಾತುಕತೆಯನ್ನು ತನಿಖೆಯ ಸಲುವಾಗಿ ಇದ್ದದ್ದು ಇದ್ದಂತೆ ದಾಖಲಿಸಲಾಗಿದೆ:

"ಬ್ವಾನಾ, ಏನ್ ಕಲೀತಿದೀರಿ ಇಲ್ಲಿ?"

"ಮರದ ಕೆಳಗೆ ಪಾಠ ಮಾಡೋದು ಹೇಗೆ ಅಂತ, ಮೇಡಂ."

"ಇದೇ ಮರದ ಕೆಳಗೆ ನಾನು ಮಾಡ್ತಾನೇ ಇದ್ನಲ್ಲಾ! ನೀವು ಬಂದು ಕೂತ್ರಿ, ಪಾಠ ನಿಂತೋಯ್ತು. ನನ್ನ ಮಕ್ಕಳು ಅಲ್ಲಿ ಎಣ್ಣೇಲಿ ಬಿಟ್ಟ ಮಂದಾಸಿ ಥರ ಕರಿದುಹೋಗ್ತಿದಾವೆ. ಮಳೆ ಬಿದ್ರೆ ಮರದ ಕೆಳಗಿನ ಕ್ಲಾಸಿಗೆ ಬೀಗ ಹಾಕ್ದಂಗೆ. ಅಷ್ಟರೊಳಗೆ ಇವಕ್ಕೆ ಓದೋಕೆ ಬರ್ಲಿಲ್ಲ ಅಂದ್ರೆ, ಹೊಲಕ್ಕೆ ಹೋದವು ವಾಪಸ್ ಬರಲ್ಲ. ನನ್ನ ಮರ ನಂಗೆ ಕೊಡಿ."

"ಸ್ವಲ್ಪ ತಾಳ್ಮೆ ಇರಲಿ ಮೇಡಂ. ಮುಂದಿನ ವಾರ ಬಿಸಿಲಲ್ಲಿ ಪಾಠ ಮಾಡೋದು ಹೇಗೆ ಅಂತ ಇನ್ನೊಂದು ತರಬೇತಿ ಇದೆ. ಆ ಗೋಡೆ ಪಕ್ಕದ ಜಾಗಾನೂ ಬೇಕಾಗುತ್ತೆ."

ಇದಾದ ಮೇಲೆ ಮೇಡಂ ಆಡಿದ ಮಾತುಗಳನ್ನು ದಾಖಲಿಸಲು ಇಲಾಖೆಯಲ್ಲಿ ಸೂಕ್ತ ನಮೂನೆ ಇರುವುದಿಲ್ಲ.

೭. ಮರುದಿನದಿಂದ ಮಕ್ಕಳು ತೆವಳಿಕೊಂಡು ಬಂದು ನೆರಳಿನ ಅಂಚನ್ನು ಒಂದೊಂದು ಗೇಣಾಗಿ ಒತ್ತುವರಿ ಮಾಡತೊಡಗಿದ್ದರಿಂದ ಉಲ್ಲೇಖ (೨)ರ ಆದೇಶ ಹೊರಡಿಸಬೇಕಾಯಿತು. ಅದರ ಒಕ್ಕಣೆಯನ್ನು ಈ ಇಲಾಖೆಯು ಹೆಮ್ಮೆಯಿಂದ ಮತ್ತೊಮ್ಮೆ ಉದ್ಧರಿಸುತ್ತದೆ: "ಕಲಿಕೆಯಲ್ಲಿ ನಿರತರಾಗಿರುವ ಯಾರನ್ನೂ, ಅವರ ವಯಸ್ಸು, ಹುದ್ದೆ ಏನೇ ಇರಲಿ, ಕುಳಿತ ಜಾಗದಿಂದ ಯಾರೂ ಎಬ್ಬಿಸತಕ್ಕದ್ದಲ್ಲ. ಎರಡನೇ ತರಗತಿಯನ್ನು ನೆರಳಿರುವ, ಸದ್ಯ ಬಳಕೆಯಲ್ಲಿಲ್ಲದ ಯಾವುದಾದರೂ ಸರ್ಕಾರಿ ಜಾಗಕ್ಕೆ ಕರೆದೊಯ್ಯತಕ್ಕದ್ದು." ವಯಸ್ಸು ಎಂಬ ಪದವನ್ನು ವಾಕ್ಯದ ಗಾಂಭೀರ್ಯಕ್ಕಾಗಿ ಸೇರಿಸಲಾಗಿತ್ತು. ಆದೇಶ ಎಷ್ಟು ಬಿಗಿಯಾಗಿತ್ತೆಂದರೆ ಅದನ್ನು ಓದಿ ಇರುವೆಗಳೂ ಸಾಲು ಸರಿಮಾಡಿಕೊಂಡವು.

೮. ಶ್ರೀಮತಿ ಎಫ್ರಿಡಾ ಅವರು ಆದೇಶವನ್ನು ಅದೇ ದಿನ ಪಾಲಿಸಿರುತ್ತಾರೆ. ಇಲಾಖೆಯ ಇತಿಹಾಸದಲ್ಲಿ ಇಂತಹ ಅವಸರ ಹಿಂದೆಂದೂ ಕಂಡಿಲ್ಲವಾದ್ದರಿಂದ ಆಕ್ಷೇಪಣೆ ವ್ಯಕ್ತಪಡಿಸಲಾಗಿದೆ. ಜಿಲ್ಲೆಯಲ್ಲಿ ನೆರಳೂ ಇದ್ದು ಬಳಕೆಯೂ ಇಲ್ಲದ ಸರ್ಕಾರಿ ಜಾಗ ಒಂದೇ ಎಂದು ಅವರಿಗೆ ಕಂಡುಬಂದಿದೆ. ಅದು ರಸ್ತೆಯಾಚೆಗಿನ ಈ ಇಲಾಖೆಯ ಕಚೇರಿ. ಅಧಿಕಾರಿಗಳಿಂದ ಹಿಡಿದು ಬೆರಳಚ್ಚುಗಾರರವರೆಗೆ ಎಲ್ಲರೂ ತರಬೇತಿಯಲ್ಲಿದ್ದುದರಿಂದ ಅಲ್ಲಿ ಹಲ್ಲಿಗಳ ಹೊರತು ಯಾರೂ ಕರ್ತವ್ಯದಲ್ಲಿರಲಿಲ್ಲ. ಬಾಗಿಲು ತೆರೆದ ಕಾವಲುಗಾರ, ಎಲ್ಲರೂ ಅಗೋಗೋ ಎಂದರೆ ತಾತ ಎಂದೇ ಕರೆಯುವ ಶ್ರೀ ಮಟಿಕಿ ಅವರಿಂದ ವಿವರಣೆ ಕೇಳಲಾಗಿ, "ಖಾಲಿ ಕಚೇರಿ ಕಾಯೋದು ಭಾಳ ಕಷ್ಟ ಕಣಪ್ಪಾ, ನಿದ್ದೆ ಬಂದ್ಬಿಡುತ್ತೆ. ಮಕ್ಕಳು ಗಲಾಟೆ ಮಾಡ್ತಾ ಇದ್ರೆ ನನ್ನ ಕೆಲಸಾನೂ ನಡಿಯುತ್ತೆ" ಎಂದಿರುತ್ತಾರೆ.

೯. ಈ ಮಂಗಳವಾರ ಅಧಿಕಾರಿಗಳ ಭಾಷಣ ನಡೆಯುತ್ತಿರುವಾಗ ಮೊದಲು ಒಂದು ಬೆರಳಿನಷ್ಟು, ನಂತರ ಎರಡು ಬೆರಳಿನಷ್ಟು, ಕೊನೆಗೆ ಇಡೀ ಅಂಗೈಯಷ್ಟು ಸದ್ದು ಕೇಳಿಬಂದಿತು. ಅಧಿಕಾರಿಗಳು ಎದ್ದು ನಿಂತು ಕೃತಜ್ಞತೆಯಿಂದ ತಲೆಬಾಗಿ ವಂದಿಸಿದರು. ಅದು ನಿಜವಾದ ಮಳೆ ಎಂದು ತಿಳಿದುಬಂದ ಮೇಲೆ ಎಲ್ಲರೂ ಕಚೇರಿಯತ್ತ ಓಡತಕ್ಕದ್ದೆಂದು ಸೂಚಿಸಲಾಯಿತು. ಆದರೆ ಕಂಡಿಕೆ ೩ರಂತೆ ಯಾರೂ ಅಧಿಕಾರಿಗಳನ್ನು ಹಿಂದಿಕ್ಕುವಂತಿರಲಿಲ್ಲ. ಅಧಿಕಾರಿಗಳಿಗೋ ಮಂಡಿನೋವು. ಬಾಗಿಲು ತಲುಪುವಷ್ಟರಲ್ಲಿ ಇಲಾಖೆಯು ಹಿಂಡಿದರೆ ಸರೋವರ ಒಂದು ಮೊಳ ಏರುವಷ್ಟು ತೊಯ್ದಿತ್ತು.

"ಯಾರದು?" ಎಂದು ಒಳಗಿನಿಂದ ಮೇಡಂ ಕೇಳಿದರು.

"ನಾನು, ನಾಮಾಲೋಂಬ. ಬಾಗಿಲು ತೆಗೀರಿ ಮೇಡಂ, ಮಕ್ಕಳನ್ನ ಎಬ್ಸಿ ಹೊರಗೆ ಕಳ್ಸಿ!"

"ಪಾಠ ನಡೀತಿದೆ ಬ್ವಾನಾ. ಏನಾದ್ರೂ ಕೇಳೋದಿದ್ರೆ ಕೈ ಎತ್ತಿ ಕೇಳಿ. ತಿಯೋಂಗೆ, ಬಾ ಮರಿ, ಬ್ವಾನಾ ಅವರಿಗೆ ಅವರದ್ದೇ ಕಾಗದ ಓದಿ ಹೇಳು."

ಏಳು ವರ್ಷದ ತಿಯೋಂಗೆ ಎಂಬ ವಿದ್ಯಾರ್ಥಿನಿಯು ಅಧಿಕಾರಿಗಳ ಕುರ್ಚಿಯ ಮೇಲೆ ಹತ್ತಿ ನಿಂತು, ಉಲ್ಲೇಖ (೨)ರ ಆದೇಶವನ್ನು ಮೊದಲಿನಿಂದ ಕೊನೆಯವರೆಗೆ, ವಯಸ್ಸು ಎಂಬ ಪದವನ್ನು ಒತ್ತಿ, ಎಲ್ಲಿಯೂ ತಡವರಿಸದೆ ಓದಿರುತ್ತಾಳೆ. ಉಳಿದ ಮಕ್ಕಳು ಮಳೆ ಚಪ್ಪಾಳೆ ಬಾರಿಸಿರುತ್ತಾರೆ, ಐದೂ ಬೆರಳು ಬಳಸಿ.

೧೦. ವಿಚಾರಿಸಲಾಗಿ, ಪಠ್ಯಪುಸ್ತಕ ಸಾಲದ ಕಾರಣ ಇಲಾಖೆಯ ಕಡತಗಳನ್ನೇ ಮಕ್ಕಳಿಗೆ ಓದಿಸಲಾಗಿದೆ ಎಂದು ತಿಳಿದುಬಂದಿದೆ. ಈ ಇಲಾಖೆಯ ಸುತ್ತೋಲೆಗಳನ್ನು ಪೂರ್ತಿ ಓದಿದವರಲ್ಲಿ ಇವರೇ ಮೊದಲಿಗರು.

೧೧. ಆದ್ದರಿಂದ ಈ ಮೂಲಕ ಆದೇಶಿಸಲಾಗಿದೆ:
(ಅ) ಎರಡನೇ ತರಗತಿಯು ಓದಲು ಕಲಿತಿರುವುದನ್ನು ಸದರಿ ತರಬೇತಿಯ ಮಹತ್ತರ ಫಲಿತಾಂಶವೆಂದು ರಾಜಧಾನಿ ಲಿಲೊಂಗ್ವೆಗೆ ವರದಿ ಮಾಡತಕ್ಕದ್ದು.
(ಆ) ಆದೇಶವನ್ನು ಹೊರಡಿಸಿದವರೇ ಮೀರುವುದು ಶೋಭೆಯಲ್ಲವಾದ್ದರಿಂದ, ಮಕ್ಕಳು ಕಲಿಯುವುದನ್ನು ತಾವಾಗಿಯೇ ನಿಲ್ಲಿಸುವವರೆಗೆ ಇಲಾಖೆಯು ಮರದ ಕೆಳಗಿನಿಂದಲೇ ಕಾರ್ಯನಿರ್ವಹಿಸತಕ್ಕದ್ದು. ಅವರು ನಿಲ್ಲಿಸುವ ಲಕ್ಷಣಗಳು ಕಾಣುತ್ತಿಲ್ಲ.
(ಇ) ಕಡತ ಬೇಕಾದ ಅಧಿಕಾರಿಗಳು ಕಿಟಕಿಯ ಹೊರಗೆ ನಿಂತು ಕೈ ಎತ್ತತಕ್ಕದ್ದು.
(ಈ) ದಟ್ಟ ನೆರಳಿನ ಜಾಗದಲ್ಲೇ ನೀರೂ ದಟ್ಟವಾಗಿ ತೊಟ್ಟಿಕ್ಕುತ್ತಿರುವುದರಿಂದ, ಹುದ್ದೆಗನುಗುಣವಾದ ಹಂಚಿಕೆಯನ್ನು ಮಳೆಗಾಲ ಮುಗಿಯುವವರೆಗೆ ತಲೆಕೆಳಗು ಮಾಡಬೇಕೆಂಬ ಅಧಿಕಾರಿಗಳ ಕೋರಿಕೆಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ.

ಸಹಿ/-
(ಮಳೆಯಲ್ಲಿ ಅಳಿಸಿಹೋಗಿದೆ)
ಜಿಲ್ಲಾ ಶಿಕ್ಷಣಾಧಿಕಾರಿಗಳ ಪರವಾಗಿ, ದಟ್ಟ ನೆರಳು

ಪ್ರತಿ:
೧. ಪ್ರಧಾನ ಕಚೇರಿ, ಲಿಲೊಂಗ್ವೆ: ಹೆಮ್ಮೆಪಡಲು.
೨. ಎಲ್ಲ ಮುಖ್ಯೋಪಾಧ್ಯಾಯರಿಗೆ: ಸ್ವಂತ ಛತ್ರಿಯೊಂದಿಗೆ ಹಾಜರಾಗಲು.
೩. ಶ್ರೀ ಮಟಿಕಿ, ಕಾವಲುಗಾರರು: ನಮ್ಮನ್ನು ಒಳಗೆ ಬಿಡದಿರಲು.
೪. ಮಾವಿನ ಮರ: ಕಾಂಡಕ್ಕೆ ಅಂಟಿಸಲು, ಮಳೆ ನಿಂತ ಮೇಲೆ.
೫. ಶ್ರೀಮತಿ ಎಫ್ರಿಡಾ ಕಲಿಮಂಜಿರ, ಎರಡನೇ ತರಗತಿ, ಜಿಲ್ಲಾ ಶಿಕ್ಷಣಾಧಿಕಾರಿಗಳ ಕೊಠಡಿ: ನಾಳೆಯ ಓದಿನ ಪಾಠಕ್ಕಾಗಿ. ದಯವಿಟ್ಟು ಸ್ವಲ್ಪ ಗಟ್ಟಿಯಾಗಿ ಓದಿಸುವುದು. ಮರದವರೆಗೆ ಕೇಳಿಸುತ್ತಿಲ್ಲ.