ತಾಯಿಯ ತವರೂರು ಯಾವುದು?

ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಥವನು ಇಸಳೂರಿನ ಮನೆಯಲ್ಲಿ ಕೂತು ಬ್ರೌಸರಿಗೆ ಭದ್ರತೆ ಒದಗಿಸಲು ಹೊರಟಿದ್ದಕ್ಕೆ ಕಾರಣವಿತ್ತು. ತೀರಿಕೊಂಡ ಅಮ್ಮನ ಫೋಟೋಗಳೆಲ್ಲ ನನ್ನ ಹಳೆಯ ಮೇಲ್ ಖಾತೆಯಲ್ಲಿವೆ, ಬೇರೆಲ್ಲೂ ಇಲ್ಲ. ಯಾರಾದರೂ ಒಳನುಗ್ಗಿ ಅಳಿಸಿದರೆ ಅಮ್ಮ ಎರಡನೇ ಸಲ ಹೋದಂತೆ. ಹಾಗಾಗಿ ಬ್ರೌಸರನ್ನು ಅಪ್‌ಡೇಟ್ ಮಾಡಿದೆ, ಜಾಹೀರಾತು ತಡೆಯುವ ಬೇಲಿ ಹಾಕಿದೆ, ಪಾಸ್‌ವರ್ಡಿನ ಜೊತೆ ಮೊಬೈಲಿಗೆ ಬರುವ ಕೋಡನ್ನೂ ಕೇಳುವಂತೆ ಮಾಡಿದೆ. ಬ್ಯಾಂಕು, ಮೇಲ್‌ಗಳಿಗೆ ಒಂದು ಬ್ರೌಸರು, ಕಂಡಕಂಡದ್ದನ್ನೆಲ್ಲ ನೋಡಲು ಇನ್ನೊಂದು. "ಮಡಿದು ಒಂದು, ಮೈಲಿಗೆದು ಒಂದು ಹೇಳಾತು," ಎಂದಳು ಹೆಂಡತಿ. ನನ್ನ ಅರ್ಧ ಗಂಟೆಯ ವಿವರಣೆಗಿಂತ ಅದೇ ಚೆನ್ನಾಗಿತ್ತು.

ನಾನು ಕಟ್ಟಿದ ಈ ಕೋಟೆಯನ್ನು ಪರೀಕ್ಷಿಸಿದ ಮಗಳು ಮಾತ್ರ ಹಣೆ ಚಚ್ಚಿಕೊಂಡಳು. ಪಾಸ್‌ವರ್ಡ್ ಮರೆತರೆ ಖಾತೆ ಕೇಳುವ ಪ್ರಶ್ನೆ, ತಾಯಿಯ ತವರೂರು ಯಾವುದು? ನಾನು ಕೊಟ್ಟಿದ್ದ ಉತ್ತರ ಸೋಂದಾ. "ಅಪ್ಪಾ, ಇದು ಮೂರು ತಾಲೂಕಿಗೂ ಗೊತ್ತಿದ್ದು!" ನಿಜ. ನಮ್ಮಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಹೆಸರಿಗಿಂತ ಮೊದಲು ತಾಯಿಯ ತವರು ಕೇಳುತ್ತಾರೆ. ಸಂಬಂಧ ಸಿಕ್ಕಿದ ಮೇಲೇ ಅನ್ನಕ್ಕೆ ಕೈ ಹಾಕುವುದು. ಮಗಳ ಸಲಹೆಯಂತೆ ಸುಳ್ಳು ಉತ್ತರ ತುಂಬಿದೆ: ನಂದೊಳ್ಳಿ.

ಮರುವಾರ ಯಲ್ಲಾಪುರದಲ್ಲೊಂದು ಉಪನಯನ. ಪಕ್ಕದ ಎಲೆಯ ಅಜ್ಜ ಕೇಳಿದರು, "ನಿನ್ನ ಆಯಿ ತವರು ಎಲ್ಲಿ?" ಎಚ್ಚರ ಅತಿಯಾಗಿ ಬಾಯಿ ತಾನೇ ನುಡಿಯಿತು: "ನಂದೊಳ್ಳಿ." ನಿಜ ಹೇಳಿದ್ದರೆ ಏನೂ ಕೆಡುತ್ತಿರಲಿಲ್ಲ, ಬಚ್ಚಿಡಬೇಕಾದ ಸುಳ್ಳನ್ನೇ ಪಂಕ್ತಿಯಲ್ಲಿ ಬಡಿಸಿಬಿಟ್ಟಿದ್ದೆ.

"ಹಂಗಾರೆ ಅಲ್ಲ ಬಿಡು. ಸೋಂದೆಲಿ ನಮ್ಮ ಆಚೆಮನೆ ಹೆಣ್ಣು ಕೂಸು ಒಂದು ಥೇಟ್ ನಿನ್ನಂಗೇ ನಗ್ಯಾಡ್ತಿತ್ತು," ಎಂದು ಅಜ್ಜ ಪಾಯಸದ ಕಡೆ ತಿರುಗಿದರು.

ಎತ್ತಿದ ತುತ್ತನ್ನು ಎಲೆಗೇ ಇಳಿಸಿದೆ. "ಸೋಂದಾನೇ ಅಜ್ಜಾ, ಆನು ಸುಳ್ಳು ಹೇಳಿದೆ," ಎಂದೆ. ಅಜ್ಜ ಅನುಮಾನದಿಂದ ನೋಡಿದರು. "ಖರೇ ಆದ್ರೆ, ತವರಲ್ಲಿ ನಿನ್ನ ಆಯಿನ ಕರೆಯೋ ಹೆಸರು ಎಂತದು, ಹೇಳು?"

ನನಗೆ ಗೊತ್ತಿರಲಿಲ್ಲ. ಅಮ್ಮನ ಫೋಟೋಗಳಿಗೆ ಅಷ್ಟೊಂದು ಬಾಗಿಲು ಹಾಕಿದವನು, ಅವಳು ಬದುಕಿದ್ದಾಗ ಒಂದು ದಿನವೂ ಪಕ್ಕ ಕೂತು ಅವಳ ಬಾಲ್ಯ ಕೇಳಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ನನ್ನ ಮುಖ ನೋಡಿ ಅಜ್ಜ ಕರಗಿದರು. "ಗೊತ್ತಿಲ್ಯ? ಕೈ ತೊಳ್ಕಂಡು ಬಾ, ಹೇಳ್ತೆ."

ಸಂಜೆಯವರೆಗೂ ಹೇಳಿದರು. ಆ ಹೆಸರು ಕೇಳಿ ನಾನು ಅತ್ತದ್ದೂ ನಿಜ. ಮಗಳಿಗೆ ಆ ಹೆಸರು ಹೇಳಿದ್ದೇನೆ. ನಿಮಗೆ ಹೇಳಲಾರೆ, ಬೇಜಾರು ಮಾಡಿಕೊಳ್ಳಬೇಡಿ. ಮನೆಗೆ ಬಂದವನೇ ಖಾತೆಯ ಉತ್ತರವನ್ನು ಅದಕ್ಕೇ ಬದಲಿಸಿಕೊಂಡಿದ್ದೇನೆ.