ಅತ್ತೆಯ ಅಂಗೈ ಕಂಪ್ಯೂಟರಿಗೆ ನಾದಿನಿಯ ದನಿ

ಒಂದು ಮನೆತನದಲ್ಲಿ ಯಾರಿಗಾದರೂ ಕಂಪ್ಯೂಟರ್ ಬರುತ್ತದೆ ಎಂದು ಒಮ್ಮೆ ಸುದ್ದಿ ಹಬ್ಬಿದರೆ ಮುಗಿಯಿತು, ಆ ಸುದ್ದಿಯಿಂದ ಅವನಿಗೆ ಬಿಡುಗಡೆಯಿಲ್ಲ. ನಾನು ಆದೋನಿಯ ಹತ್ತಿ ಮಿಲ್ಲೊಂದರಲ್ಲಿ ಬಿಲ್ಲು ಟೈಪು ಮಾಡುವವನು. ಬಿಲ್ಲಿನ ಆಚೆಗೆ ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ಇಣುಕಿ ನೋಡಿದವನೂ ಅಲ್ಲ. ಆದರೆ ನನ್ನ ಹೆಂಡತಿ ಸರೋಜಳ ತವರಾದ ಚಿಪ್ಪಗಿರಿಯಲ್ಲಿ ಟೀವಿ ನಿಂತರೂ ನನಗೇ ಫೋನು, ಬೋರಿನ ಮೋಟರು ಸುಟ್ಟರೂ ನನಗೇ ಫೋನು. ಒಮ್ಮೆ ಕುರಿಗೆ ಹೊಟ್ಟೆ ಉಬ್ಬರಿಸಿದಾಗಲೂ ಕಂಪ್ಯೂಟರಿನಲ್ಲಿ ನೋಡಿ ಹೇಳು ಎಂದಿದ್ದರು. ನಾನೂ ಏನೋ ಹೇಳಿದೆ. ಕುರಿ ತಾನಾಗಿಯೇ ಗುಣವಾಯಿತು, ಸುದ್ದಿ ಇನ್ನಷ್ಟು ಗಟ್ಟಿಯಾಯಿತು.

ಅತ್ತೆ ಮಲ್ಲಮ್ಮನವರ ಬಳಿ ಒಂದು ಅಂಗೈ ಕಂಪ್ಯೂಟರ್ ಇದೆ. ಫೋನುಗಳಿಗೆ ಇನ್ನೂ ಬುದ್ಧಿ ಬಂದಿರದ ಕಾಲದಲ್ಲಿ ದೊಡ್ಡ ದೊಡ್ಡವರು ಜೇಬಿನಿಂದ ತೆಗೆದು ಸಣ್ಣ ಕಡ್ಡಿಯಿಂದ ಕುಟ್ಟುತ್ತಿದ್ದರಲ್ಲ, ಅದೇ. ಮಿಲ್ಲಿನ ಯಜಮಾನರು ಎಸೆಯಲು ತೆಗೆದಿಟ್ಟಿದ್ದನ್ನು ನಾನು ಕೇಳಿ ತಂದಿದ್ದೆ. ಮಾತಿಗೆ ಗುಂಡಿ ಒತ್ತುವ ಫೋನೊಂದಿದೆ, ಹೊಸ ಫೋನು ಅತ್ತೆಗೆ ಆಗಿಬರಲಿಲ್ಲ. ಹತ್ತಿ ಬಿಡಿಸಿ, ಕುರಿಯ ಉಣ್ಣೆ ಕತ್ತರಿಸಿ ಅವರ ಬೆರಳ ತುದಿಗಳು ಎಷ್ಟು ಗಡುಸಾಗಿವೆಯೆಂದರೆ, ಹೊಸ ಫೋನಿನ ಗಾಜು ಅವನ್ನು ಬೆರಳೆಂದು ಒಪ್ಪುವುದೇ ಇಲ್ಲ. ಈ ಹಳೆಯದು ಹಾಗಲ್ಲ. ಉಗುರಾದರೂ ಸರಿ, ಪೊರಕೆ ಕಡ್ಡಿಯಾದರೂ ಸರಿ, ಒತ್ತಿದರೆ ಓಗೊಡುತ್ತದೆ. ಅತ್ತೆ ಕಡ್ಡಿಯನ್ನು ತುರುಬಿಗೆ ಸಿಕ್ಕಿಸಿಕೊಂಡು, ಕುರಿಗಳ ಹಿಂದೆ ಭಜನೆ ಕೇಳುತ್ತ ಹೋಗುತ್ತಾರೆ. ಆದೋನಿಗೆ ಬಂದಾಗಲೆಲ್ಲ ಅದಕ್ಕೆ ಬೇರೆ ಭಜನೆ ತುಂಬಿಕೊಡುವುದು ಅಳಿಯನಾಗಿ ನನ್ನ ಮುಖ್ಯ ಕರ್ತವ್ಯ. ಭಜನೆಗಳೂ ಹಳೆಯವು, ಯಂತ್ರವೂ ಹಳೆಯದು, ಹೇಗೋ ಹೊಂದಿಕೊಂಡಿದ್ದವು.

ತಾಪತ್ರಯ ಬಂದದ್ದು ನಾದಿನಿ ನಾಗವೇಣಿಯಿಂದ. ಬಳ್ಳಾರಿಯಲ್ಲಿರುವ ಅವಳು ಹೊಸ ಮನೆ ಹೊಕ್ಕಾಗ ತಾಯಿಯನ್ನು ಫೋನಿನಲ್ಲೇ ಕರೆದಿದ್ದಳು. ಬಂದು ಕುಂಕುಮ ಹಚ್ಚಿ ಕರೆಯದ ಮನೆಗೆ ಹೋಗುವುದು ಹೇಗೆ ಎಂದು ಅತ್ತೆ ಹೋಗಲಿಲ್ಲ. ಹೆತ್ತ ತಾಯಿಗೂ ಕುಂಕುಮವೇ ಎಂದು ಮಗಳು ಮುನಿದಳು. ಅಂದಿನಿಂದ ಮಾತಿಲ್ಲ. ಈಗ ನಾಗವೇಣಿ ಬಸುರಿ. ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಸೀಮಂತದ ಕುಬಸ ಮಾಡಬೇಕು. ತಿಂಗಳು ತುಂಬುತ್ತ ಬಂದರೂ ತವರಿನ ಸುಳಿವಿಲ್ಲ. ಬೀಗರ ಮನೆಯಲ್ಲಿ ಗುಸುಗುಸು ಶುರುವಾಗಿತ್ತು. ಅತ್ತೆ ಫೋನು ಎತ್ತುವುದಿಲ್ಲವೆಂದು ನಾಗವೇಣಿ ಕೊನೆಗೆ ತನ್ನ ಮಾತನ್ನು ಧ್ವನಿಮುದ್ರಿಸಿ ಸರೋಜಳಿಗೆ ಕಳಿಸಿದಳು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗಿತ್ತು.

"ನಿನಗ ಮಗಳು ಬ್ಯಾಡಾಗ್ಯಾಳೇನು? ಬರೋದಿದ್ರ ಬಾ. ಇಲ್ಲಂದ್ರ ನಿನ್ನ ಕುರಿ ಕಾಯ್ಕೊಂಡು ಅಲ್ಲೇ ಇರು."

ಇದನ್ನು ತಾಯಿಗೆ ಕೇಳಿಸುವುದೇ ಎಂದು ನಾನು ಹೆದರಿದೆ. ಬೈಗುಳವಾದರೂ ಮಗಳ ದನಿ ಕಿವಿಗೆ ಬಿದ್ದರೆ ಅಮ್ಮ ಕರಗುತ್ತಾಳೆ ಎಂದು ಸರೋಜಳ ವಾದ. ಫೋನು ಹಿಡಿದರೆ ಎದ್ದು ಹೋಗುತ್ತಾಳೆ, ಆದ್ದರಿಂದ ಎರಡು ಭಜನೆಗಳ ನಡುವೆ ಸೇರಿಸಿಬಿಡಿ, ಕಂಪ್ಯೂಟರ್ ಬರುವವರಲ್ಲವೇ ನೀವು ಎಂದಳು.

ಅತ್ತೆ ಆದೋನಿಗೆ ಬಂದು ಸಂತೆಗೆ ಹೋಗಿದ್ದಾಗ ಸೇರಿಸಿದೆ. ಹಳೆಯ ಯಂತ್ರ ಅದನ್ನು ಗುರುತಿಸಲೇ ಇಲ್ಲ. ಇಂದಿನ ಫೋನಿನ ದನಿಯ ಫಾರ್ಮ್ಯಾಟು, ಅಂದರೆ ಕಟ್ಟು, ಬೇರೆಯಂತೆ, ಅದನ್ನು ಹಳೆಯ ಕಟ್ಟಿಗೆ ಬದಲಾಯಿಸಬೇಕಂತೆ. ಬದಲಾಯಿಸುವ ತಂತ್ರಾಂಶ ಇಳಿಸಿಕೊಂಡರೆ ಅದು ನನ್ನನ್ನೇ ಪ್ರಶ್ನೆ ಕೇಳತೊಡಗಿತು. ಸ್ಯಾಂಪಲ್ ರೇಟು ಎಷ್ಟು, ಬಿಟ್ ರೇಟು ಎಷ್ಟು, ಮೋನೋ ಬೇಕೋ ಸ್ಟೀರಿಯೋ ಬೇಕೋ. ರೇಟು ಎಂದರೆ ನನಗೆ ಗೊತ್ತಿರುವುದು ಹತ್ತಿಯದು ಮಾತ್ರ. ಕಂಡದ್ದನ್ನು ಒತ್ತಿದೆ. ಒಮ್ಮೆ ಬರೀ ಗೊರಗೊರ ಸದ್ದು ಬಂತು. ಇನ್ನೊಮ್ಮೆ ನಾಗವೇಣಿ ಅಳಿಲಿನಂತೆ ಕಿಚಕಿಚ ಎಂದಳು. ಒಂದು ಸಲ ಏನೂ ಕೇಳಿಸಲಿಲ್ಲ, ಅದೇ ಎಲ್ಲಕ್ಕಿಂತ ಒಳ್ಳೆಯದು ಎನ್ನಿಸಿತು. ರೇಟು ಕಡಿಮೆಯಾಯಿತೇನೋ ಎಂದು ಏರಿಸಿದೆ, ಹೆಚ್ಚಾಯಿತೇನೋ ಎಂದು ಇಳಿಸಿದೆ. ಕೊನೆಗೆ ಯಾವುದನ್ನು ಏರಿಸಿದ್ದೆ, ಯಾವುದನ್ನು ಇಳಿಸಿದ್ದೆ ಎಂಬುದೇ ಮರೆತುಹೋಯಿತು. ಆ ಕೊನೆಯದು ದೊಡ್ಡ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕೇಳಿಸಿತು. ಅದನ್ನು ಅಂಗೈಯದಕ್ಕೆ ತುಂಬಿದೆ. ಅಲ್ಲೂ ಕೇಳಿ ನೋಡೋಣ ಎನ್ನುವಷ್ಟರಲ್ಲಿ, ಚಿಪ್ಪಗಿರಿ ಬಸ್ಸಿಗೆ ಹೊತ್ತಾಯಿತೆಂದು ಅತ್ತೆ ಅದನ್ನು ಕಿತ್ತುಕೊಂಡು ಸೆರಗಿನಲ್ಲಿ ಕಟ್ಟಿ ಹೊರಟೇಬಿಟ್ಟರು. ನಾದಿನಿಯ ಕುಬಸ ನಿಂತರೆ ಆ ಪಾಪ ನನ್ನ ತಲೆಗೇ.

ಮರುದಿನ ಬೆಳಿಗ್ಗೆ ಅತ್ತೆ ಫೋನು ಮಾಡಿದರು.

"ಏಮಪ್ಪಾ, ನಾಗಿ ಅತ್ತೂ ಅತ್ತೂ ಗಂಟಲ ಕಟ್ಟಿಸ್ಕೊಂಡಾಳ. ಒಂದೊಂದ ಮಾತು ಎಷ್ಟು ಕಷ್ಟಪಟ್ಟು ಆಡ್ಯಾಳ ಆಕಿ. ಕುರಿ ಕಾಯ್ಕೊಂಡು ಅಲ್ಲೇ ಇರು ಅಂದ್ಳಲ್ಲ, ನನ್ನ ಕರುಳ ಕಿತ್ತು ಬಂತು."

ನನಗೆ ತಲೆಬುಡ ತಿಳಿಯಲಿಲ್ಲ. ನಾಗವೇಣಿ ಅತ್ತದ್ದು ಯಾವಾಗ? ಸರೋಜ ನನ್ನನ್ನು ದಿಟ್ಟಿಸಿ ನೋಡಿದ ಮೇಲೆ ಹೊಳೆಯಿತು. ನನ್ನ ಯಾವುದೋ ರೇಟಿನ ದೆಸೆಯಿಂದ, ಹಳೆಯ ಯಂತ್ರ ಆ ಮಾತನ್ನು ಎಳೆದೆಳೆದು ಹೇಳಿದೆ. ಸಿಡುಕು ಭಾರವಾಗಿ, ದನಿ ದಪ್ಪವಾಗಿ, ಬೈಗುಳವೆಲ್ಲ ಬಿಕ್ಕಳಿಕೆಯಾಗಿದೆ.

ಅತ್ತೆ ಅದೇ ವಾರ ಹಸಿರು ಸೀರೆ, ಬಳೆ, ಬುಟ್ಟಿ ತುಂಬ ಸಜ್ಜೆ ರೊಟ್ಟಿ ಹೊತ್ತು ಬಳ್ಳಾರಿಗೆ ನಡೆದರು. ಹಿಂದೆ ನಾವೂ. ಬಾಗಿಲಲ್ಲಿ ತಾಯಿ ಮಗಳು ತಬ್ಬಿಕೊಂಡು ನಿಜವಾಗಿಯೇ ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ. ಅಮ್ಮನಿಗೆ ಗದರಿಸಿ ಹೇಳಿದ್ದಕ್ಕೇ ಬಂದಳು ಎಂದು ನಾಗವೇಣಿ ಒಳಗೆ ಹೆಮ್ಮೆಪಟ್ಟಳು. ಮಗಳು ಅತ್ತು ಕರೆದಳು ಎಂದು ಅತ್ತೆ ಹೊರಗೆ ಹೇಳಿಕೊಂಡರು. ಎರಡನ್ನೂ ಕೇಳಿ ನಾನು ವಿವರಿಸಲು ಬಾಯಿ ತೆರೆದೆ, ಸರೋಜ ತೋಳು ಚಿವುಟಿದಳು.

ಗದರಿಸಿದರೆ ಅಮ್ಮ ಕೇಳುತ್ತಾಳೆ ಎಂಬ ಧೈರ್ಯದಲ್ಲಿ ನಾಗವೇಣಿ ಈಗ ಮೇಲಿಂದ ಮೇಲೆ ಮಾತು ಕಳಿಸುತ್ತಾಳೆ. ಬಾಣಂತನಕ್ಕೆ ಇಂಥದ್ದು ತಾ, ಅಂಥದ್ದು ಮಾಡು, ಒಂದೊಂದೂ ಸಿಡಿಮದ್ದು. ತಂತ್ರಾಂಶದಲ್ಲಿ ಉಳಿದಿದ್ದ ಅದೇ ರೇಟಿನಿಂದಾಗಿ ಅವೆಲ್ಲ ಅತ್ತೆಗೆ ಅಳುವಾಗಿಯೇ ಮುಟ್ಟುತ್ತವೆ. ಇತ್ತ ನಾನೂ ಸುಮ್ಮನೆ ಕೂರಲಿಲ್ಲ. ಮಿಲ್ಲಿನಲ್ಲಿ ಬಿಡುವಾದಾಗಲೆಲ್ಲ ತಡಕಾಡಿ, ದನಿ ಇದ್ದದ್ದು ಇದ್ದ ಹಾಗೆ ಬರುವ ರೇಟು ಯಾವುದೆಂದು ಕಡೆಗೂ ಕಂಡುಹಿಡಿದೆ. ಜೀವನದಲ್ಲಿ ಮೊದಲ ಬಾರಿಗೆ ನನಗೆ ಕಂಪ್ಯೂಟರ್ ಬಂದಿತ್ತು. ಹಿಗ್ಗಿ ಸರೋಜಳಿಗೆ ಹೇಳಿದೆ. ಅವಳ ಮುಖ ಬಿಳಚಿಕೊಂಡಿತು.

"ಯಪ್ಪಾ, ಅದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಏನೂ ತಿಳಿಯದವರಂಗ ಇದ್ದುಬಿಡ್ರಿ."

ತಿಳಿದ ಮೇಲೆ ತಿಳಿಯದವನ ಹಾಗೆ ನಟಿಸುವುದು ಕಷ್ಟವಲ್ಲವೇ ಎಂದೆ.

"ನಟಿಸೋದು ಯಾಕ?" ಎಂದಳು ಸರೋಜ. "ದಿನಾ ಇದ್ದಂಗ ಇರ್ರಿ, ಸಾಕು."