ಅತ್ತೆಯ ಪತ್ರಿಕೆಯೂ ಐದು ಊರಿನ ಕಿವಿಗಳೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರುಗಳಲ್ಲಿ ಶ್ರುತಿ ಬಿಟ್ಟು ಬದುಕುವ ಹಕ್ಕು ಯಾರಿಗೂ ಇಲ್ಲ. ಇದು ಸರ್ಕಾರದ ಆದೇಶವಲ್ಲ, ನನ್ನ ಸೋದರತ್ತೆಯ ಆದೇಶ. ಸರ್ಕಾರದ್ದಾಗಿದ್ದರೆ ಹೇಗಾದರೂ ತಪ್ಪಿಸಿಕೊಳ್ಳಬಹುದಿತ್ತು!

ಈಕೆ ನನ್ನ ಅಪ್ಪನ ಅಕ್ಕ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಸಂಗೀತ ಕಲಿತದ್ದು ಚಿಕ್ಕಂದಿನಲ್ಲಿ, ಮನೆಗೆ ಬಂದು ವಚನ ಹೇಳಿಕೊಡುತ್ತಿದ್ದ ಒಬ್ಬ ಮಾಸ್ತರರ ಹತ್ತಿರ. ಅತ್ತೆಗೆ ಹಣೆ ತುಂಬ ವಿಭೂತಿ, ಬಾಯಿ ತುಂಬ ಆಕ್ಷೇಪಣೆ. ಒಮ್ಮೆ ಕುಕ್ಕರಿನ ಸೀಟಿ ಅಪಸ್ವರ ಎಂದು ಅದನ್ನು ಅಂಗಡಿಗೆ ಒಯ್ದು ವಾದಕ್ಕೆ ನಿಂತಳು. ಅನ್ನ ಚೆನ್ನಾಗಿ ಆಗುತ್ತದೆಯಲ್ಲ ಎಂದು ಅಂಗಡಿಯವನು ಕೇಳಿದ. ಅನ್ನದ ಬಗ್ಗೆ ತನ್ನದೇನೂ ತಕರಾರಿಲ್ಲ ಎಂದಳು ಅತ್ತೆ. ಅವನು ಕೊನೆಗೆ ಬೇರೆ ಸೀಟಿ ಕೊಟ್ಟ. ಕೊಡದೆ ಏನು ಮಾಡಿಯಾನು? ಹಿಂದೆ ಗಿರಾಕಿಗಳು ಸಾಲುಗಟ್ಟಿ ನಿಂತಿದ್ದರು.

ಇನ್ನೊಮ್ಮೆ ಮದುವೆಯ ಮೆರವಣಿಗೆಯನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಬ್ಯಾಂಡಿನವರ ಕ್ಲಾರಿನೆಟ್ ತಿದ್ದಲು ಶುರುಮಾಡಿದಳು. ಬ್ಯಾಂಡಿನವರು ಇವಳೇ ಹಣ ಕೊಡುವ ಯಜಮಾನತಿ ಎಂದು ತಿಳಿದು ಕೈಕಟ್ಟಿ ಪಾಠ ಹೇಳಿಸಿಕೊಂಡರು. ನಮ್ಮ ಕಡೆಯ ಬಿಸಿಲಿನಲ್ಲಿ ನಿಲ್ಲಲಾರದೆ ಕುದುರೆ ಮಾತ್ರ ವರನನ್ನು ಹೊತ್ತುಕೊಂಡು ಮುಂದೆ ನಡೆಯಿತು. ಬಂಧುಗಳಿಲ್ಲದೆ, ಬಾಜಾ ಇಲ್ಲದೆ, ತಾನೊಬ್ಬನೇ ಮಂಟಪಕ್ಕೆ ಬಂದಿಳಿದ ವರನನ್ನು ಕಂಡು ಬೀಗರು ಗಾಬರಿಯಾದರು. ಆ ವರ ನಾನು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇಂಥವಳ ಕೈಗೆ ಒಂದು ದಿನ ವಾಡಿ ಸ್ಟೇಷನ್ನಿನ ಪುಸ್ತಕದಂಗಡಿಯಿಂದ ಒಂದು ಮಾಸಪತ್ರಿಕೆ ಬಂತು. ದೂರದ ದೊಡ್ಡ ಊರಿನದು, ವಿದ್ಯಾರ್ಥಿ ಸಂಗೀತಗಾರರ ವಿಶೇಷ ಸಂಚಿಕೆ. ಅತ್ತೆ ಅದನ್ನು ಜಾಹೀರಾತು ಬಿಡದೆ ಓದಿದಳು. ನಾಡಿನ ಮೂಲೆಮೂಲೆಯ ಹುಡುಗ ಹುಡುಗಿಯರು ತಂಬೂರಿ, ತಬಲಾ, ಪಿಟೀಲು ಹಿಡಿದು ನಗುತ್ತಿದ್ದರು. ನಮ್ಮ ಕಡೆಯ ಒಂದು ಮುಖವೂ ಇರಲಿಲ್ಲ. ನನ್ನನ್ನು ಎದುರು ಕೂರಿಸಿಕೊಂಡು, ಸ್ಪೀಕರ್ ಹಾಕಿ, ನೇರ ಸಂಪಾದಕರಿಗೇ ಫೋನು ಮಾಡಿದಳು.

ಸಂಪಾದಕರು ಬಹಳ ಸೌಜನ್ಯದ ಮನುಷ್ಯ. ಅದೇ ತೊಂದರೆಯಾಯಿತು. "ನಿಮ್ಮ ಭಾಗದಲ್ಲಿ ಇಂಥದ್ದನ್ನು ಓದುವವರು ಕಡಿಮೆ ಮೇಡಂ. ಹುಡುಗರಿಗೂ ಸಂಗೀತದಲ್ಲಿ ಅಷ್ಟು ಆಸಕ್ತಿ ಇರುವುದಿಲ್ಲ" ಎಂದರು, ಯಾರೋ ತೀರಿಕೊಂಡ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಹಾಗೆಂದು ನಿಮಗೆ ಯಾರು ಹೇಳಿದರು ಎಂದು ಅತ್ತೆ ಕೇಳಿದಳು. ಯಾರೂ ಹೇಳಿರಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯವಂತೆ.

ನಿಜ ಹೇಳುತ್ತೇನೆ, ಆವತ್ತು ನನಗೂ ಮೈ ಉರಿಯಿತು. ಸೇಡಂನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಇಂಥ ಮಾತನ್ನು ವರ್ಷವರ್ಷವೂ ಕೇಳುತ್ತಿರುತ್ತೇನೆ. ದೊಡ್ಡ ಊರಿನವರ ಲೆಕ್ಕದಲ್ಲಿ ನಮ್ಮ ಕಡೆ ಇರುವುದೆಂದರೆ ಬಿಸಿಲು, ಹಾಸುಗಲ್ಲು ಮತ್ತು ಸಿಮೆಂಟಿನ ಧೂಳು. ಇವುಗಳ ನಡುವೆ ಮನುಷ್ಯರಿದ್ದರೂ ಅವರಿಗೆ ಕಿವಿ ಎಲ್ಲಿಂದ ಬರಬೇಕು? ನಮ್ಮ ಕಲ್ಲು ಅವರ ಮನೆಯ ನೆಲಕ್ಕೆ ಬೇಕು, ನಮ್ಮ ಸಿಮೆಂಟು ಅವರ ಗೋಡೆಗೆ ಬೇಕು, ನಮ್ಮ ತೊಗರಿ ಅವರ ಸಾರಿಗೆ ಬೇಕು. ಹಾಡು ಮಾತ್ರ ನಮ್ಮಲ್ಲಿ ಇಲ್ಲ! ಆ ಸಿಟ್ಟಿನ ಭರದಲ್ಲಿ, ವಿದ್ಯಾರ್ಥಿಗಳಿಗಾಗಿ ನಾವೇ ಒಂದು ಸಂಗೀತ ಪತ್ರಿಕೆ ತರಬೇಕು ಎಂದುಬಿಟ್ಟೆ. ಇಂಥ ಮಾತನ್ನು ಜನ ಆಡುತ್ತಾರೆ, ಚಹಾ ಕುಡಿಯುತ್ತಾರೆ, ಮರೆಯುತ್ತಾರೆ. ಅತ್ತೆ ಚಹಾ ಕುಡಿದಳು, ಮರೆಯಲಿಲ್ಲ. ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು.

ಮೊದಲು ಓದುಗರು ಯಾರೆಂದು ತಿಳಿಯಬೇಕು ಎಂದಳು. ಸಮಾಜ ಪಾಠ ಮಾಡಿದವಳಲ್ಲವೇ, ಸಮೀಕ್ಷೆ ಇಲ್ಲದೆ ನೀರೂ ಕುಡಿಯುವುದಿಲ್ಲ. ನನ್ನ ಹಳೆಯ ಕಾರಿನಲ್ಲಿ ವಾಡಿಗೆ ಹೋದೆವು. ಕಲಬುರಗಿಯ ಕಾಲೇಜುಗಳಿಗೆ ಓಡಾಡುವ ಹುಡುಗರು ಅಲ್ಲಿ ರೈಲಿಗೆ ಕಾಯುತ್ತಿರುತ್ತಾರೆ, ಎಲ್ಲರ ಕಿವಿಯಲ್ಲೂ ಇಯರ್‌ಫೋನು. ಅತ್ತೆಗೆ ಅದೊಂದು ಖಜಾನೆ. ಆದರೆ ಆಕೆ ಸಮೀಕ್ಷೆ ಮಾಡುವ ಪದ್ಧತಿಯನ್ನು ಜಗತ್ತಿನ ಯಾವ ವಿಶ್ವವಿದ್ಯಾಲಯವೂ ಒಪ್ಪಲಾರದು: ಹುಡುಗನ ಕಿವಿಯಿಂದ ಇಯರ್‌ಫೋನು ಕಿತ್ತು ತನ್ನ ಕಿವಿಗೆ ಇಟ್ಟುಕೊಳ್ಳುವುದು, ಆಮೇಲೆ ಅವನ ಹೆಸರು ಕೇಳುವುದು!

ಒಬ್ಬ ತೆಲುಗು ಹಾಡು ಕೇಳುತ್ತಿದ್ದ. ಒಬ್ಬಳು ಪೊಲೀಸ್ ಪರೀಕ್ಷೆಯ ಪಾಠ ಕೇಳುತ್ತಿದ್ದಳು. ಚಿತ್ತಾಪುರದ ಒಬ್ಬ ಹುಡುಗನ ಇಯರ್‌ಫೋನಿನಲ್ಲಿ ಏನೂ ಕೇಳಿಸಲಿಲ್ಲ. ಫೋನು ಕೆಟ್ಟಿದೆಯೇ ಎಂದು ಅತ್ತೆ ವಿಚಾರಿಸಿದಳು. ಕೆಟ್ಟಿಲ್ಲ, ಪ್ರಯಾಣದಲ್ಲಿ ಯಾರೂ ಮಾತಾಡಿಸದಿರಲಿ ಎಂದು ಸುಮ್ಮನೆ ಸಿಕ್ಕಿಸಿಕೊಂಡಿರುತ್ತೇನೆ ಎಂದು ಅವನು ಬಲು ವಿನಯದಿಂದ ತಿಳಿಸಿದ. ಅತ್ತೆ ಅವನನ್ನು ಮುಂದಿನ ರೈಲು ಬರುವವರೆಗೂ ಮಾತಾಡಿಸಿದಳು.

ಅಷ್ಟರಲ್ಲಿ ರೈಲ್ವೆ ಪೊಲೀಸಪ್ಪನೊಬ್ಬ ಬಂದ. "ಏನ್ ಮಾಡ್ಲಿಕತ್ತೀರಿ ಅಮ್ಮಾ, ಪೋರಗೋಳಿಗಿ ಯಾಕ ತ್ರಾಸ ಕೊಡ್ತೀರಿ" ಎಂದು ಕೇಳಿದ. ನಾನು ಅವಳ ಗುರುತೇ ಇಲ್ಲದವನಂತೆ ರೈಲುಗಳ ವೇಳಾಪಟ್ಟಿ ಓದುತ್ತ ನಿಂತೆ. ಅತ್ತೆ ಅವನಿಗೂ ಅದೇ ಪ್ರಶ್ನೆ ಹಾಕಿದಳು: ನೀನು ಏನು ಕೇಳುತ್ತೀ? ಅವನು ಸ್ವಲ್ಪ ನಾಚಿ, ಡ್ಯೂಟಿ ಮುಗಿದ ಮೇಲೆ ಕವ್ವಾಲಿ ಕೇಳುತ್ತೇನೆ ಎಂದ. ಅವನನ್ನೂ ಓದುಗರಲ್ಲಿ ಸೇರಿಸಿಕೊಂಡಳು. ಇದು ವಿದ್ಯಾರ್ಥಿಗಳ ಪತ್ರಿಕೆ ಎಂದು ನಾನು ನೆನಪಿಸಿದೆ.

"ಅಂವಂದು ಕಲಿಯೋದು ಮುಗದದೇನು?" ಎಂದಳು ಅತ್ತೆ. ನಾನು ಅವನ ಹೆಸರು ಬರೆದುಕೊಂಡೆ.

ಓದುಗರಾದ ಮೇಲೆ ಪ್ರಕಾಶಕರು. ಸೇಡಂನಲ್ಲಿ ಪರೀಕ್ಷೆಯ ಗೈಡುಗಳನ್ನು ಹೊರತರುವವರೊಬ್ಬರಿದ್ದರು. ಅವರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, ತರೋಣ, ಆದರೆ ಪ್ರಶ್ನೋತ್ತರದ ರೂಪದಲ್ಲಿರಲಿ ಎಂದರು. ಷಡ್ಜ ಎಂದರೇನು? ಒಂದು ವಾಕ್ಯದಲ್ಲಿ ಉತ್ತರಿಸಿ. ಬಿಟ್ಟ ಸ್ವರ ತುಂಬಿ. ಅತ್ತೆ ಎದ್ದು ಹೊರಬಂದಳು. ನನ್ನ ಕಾರಿನ ಬಾಗಿಲು ಅವಳು ಹಾಕಿದ ಹೊಡೆತಕ್ಕೆ ಇವತ್ತಿಗೂ ಸರಿಯಾಗಿ ಕೂರುವುದಿಲ್ಲ.

ಚಿತ್ತಾಪುರದಲ್ಲಿ ಒಬ್ಬ ಪುಢಾರಿಯ ಬಂಟ ಸಿಕ್ಕ. ಮುಖಪುಟದ ಮೇಲೆ ನಮ್ಮ ಸಾಹೇಬರ ಫೋಟೊ ಹಾಕಿದರೆ ಪತ್ರಿಕೆ ನಾವೇ ಅಚ್ಚು ಹಾಕಿಸುತ್ತೇವೆ ಎಂದ. ಸಾಹೇಬರು ಹಾಡುತ್ತಾರೇನು ಎಂದು ಅತ್ತೆ ಕೇಳಿದಳು. "ಅವರು ಹಾಡಲ್ರಿ, ಹಾಡಸ್ತಾರ" ಎಂದ ಬಂಟ. ಈ ಸಲ ಮಾತ್ರ ನಾನೇ ಮೊದಲು ಎದ್ದು ಬಾಗಿಲು ತೆರೆದೆ.

ಕೊನೆಗೆ ಶಹಾಬಾದಿನ ಒಂದು ಪ್ರೆಸ್ಸು. ಮಾಲೀಕರು ಮದುವೆ ಕಾರ್ಡು, ಬಿಲ್ ಬುಕ್ಕು ಬಿಟ್ಟು ಬೇರೇನೂ ಮುದ್ರಿಸಿದವರಲ್ಲ. ಅತ್ತೆ ವಿವರಿಸುತ್ತಲೇ ಇದ್ದಳು, ಅವರು ಗಣಪತಿಯ ಚಿತ್ರಗಳ ಆಲ್ಬಂ ತೆರೆದು ಮುಂದಿಟ್ಟರು. ಮುಹೂರ್ತ ಯಾವಾಗ ಎಂದು ಕೇಳಿದರು. ಪತ್ರಿಕೆಯ ಹೆಸರು 'ಹಾಡ್ರಿ' ಎಂದು ತಿಳಿದಾಗ ಅವರಿಗೆ ಕಸಿವಿಸಿಯಾಯಿತು, ಯಾರಿಗೋ ಹುಕುಂ ಕೊಟ್ಟ ಹಾಗಿದೆಯಲ್ಲ ಎಂದರು. ಹುಕುಮೇ ಅದು ಎಂದಳು ಅತ್ತೆ. ಅವರು ಯೋಚಿಸಿ, ಲಗ್ನದ ಸೀಸನ್ನು ಮುಗಿಯಲಿ, ಆಮೇಲೆ ಮಾಡಿಕೊಡುತ್ತೇನೆ ಎಂದರು. ಇಷ್ಟೆಲ್ಲ ತಿರುಗಾಟದಲ್ಲಿ ಹೂಂ ಎಂದವರು ಅವರೊಬ್ಬರೇ.

ಆದರೆ ಅಚ್ಚು ಹಾಕಿಸುವುದಾದರೂ ಏನನ್ನು? ಬರೆಯಿರಿ ಎಂದರೆ ಹುಡುಗರು ನಗುತ್ತಿದ್ದರು. ನನ್ನ ಕಾಲೇಜಿನಲ್ಲಿ ಕೇಳಿದ್ದಕ್ಕೆ, ಇದಕ್ಕೆ ಅಂಕ ಕೊಡುತ್ತೀರಾ ಸರ್ ಎಂದರು. ಸಂಪಾದಕರು ಹೇಳಿದ್ದೇ ನಿಜವಿರಬಹುದೇ ಎಂದು ಒಳಗೊಳಗೆ ನನಗೆ ಅಳುಕು ಹುಟ್ಟಿತು. ಅತ್ತೆಗೆ ಹೇಳುವ ಧೈರ್ಯವಾಗಲಿಲ್ಲ. ಆಕೆಯೂ ಆ ದಿನಗಳಲ್ಲಿ ಕುಕ್ಕರಿನ ಕೂಡ ಜಗಳ ಬಿಟ್ಟಿದ್ದಳು. ಅದು ಒಳ್ಳೆಯ ಲಕ್ಷಣವಲ್ಲ.

ಉಳಿದದ್ದು ಚಿಂಚೋಳಿ. ಅಲ್ಲಿ ಹೆಣ್ಣುಮಕ್ಕಳ ಒಂದು ಖಾಸಗಿ ವಸತಿನಿಲಯಕ್ಕೆ ಹೋದೆವು. ಸುತ್ತಲಿನ ಹಳ್ಳಿ, ತಾಂಡಾಗಳಿಂದ ಬಂದ ಹುಡುಗಿಯರು ಹಾಲಿನಲ್ಲಿ ಸಾಲಾಗಿ ಕೂತಿದ್ದರು. ನಿಮ್ಮಲ್ಲಿ ಯಾರಿಗೆ ಹಾಡಲು ಬರುತ್ತದೆ ಎಂದು ಅತ್ತೆ ಕೇಳಿದಳು. ಒಂದು ಕೈಯೂ ಮೇಲೇಳಲಿಲ್ಲ. ಎಲ್ಲರೂ ವಾರ್ಡನ್ ಮುಖ ನೋಡಿದರು. ವಾರ್ಡನ್ ಹೆಮ್ಮೆಯಿಂದ ನಕ್ಕರು.

"ನಮ್ಮ ಹುಡಗೇರು ಭಾಳ ಶಿಸ್ತಿನವ್ರು ಇದ್ದಾರ್ರಿ. ಹಾಡೋದು ಗೀಡೋದು ಏನಿಲ್ಲ."

ಈಗ ಸಿಡಿಲು ಬಡಿಯಿತು ಎಂದು ನಾನು ಕಾರಿನ ಕೀಲಿ ಕೈಗೆ ತೆಗೆದುಕೊಂಡೆ. ಸಿಡಿಲು ಬಡಿಯಲಿಲ್ಲ. ಅತ್ತೆ ಕುರ್ಚಿಯಿಂದ ಇಳಿದು ಹೋಗಿ ಹುಡುಗಿಯರ ನಡುವೆ ನೆಲದ ಮೇಲೆ ಕೂತಳು. ಸೀರೆ ಸರಿಮಾಡಿಕೊಂಡು, ಯಾರನ್ನೂ ನೋಡದೆ, ಮೆಲ್ಲಗೆ ಹಾಡತೊಡಗಿದಳು. ನನ್ನಜ್ಜಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದ. ತವರಿನ ಹೊಲದ ತೊಗರಿ ಹೂಬಿಟ್ಟಿತೇ, ಅಣ್ಣ ಕರೆಯಲು ಹೊರಟನೇ ಎಂದು ದಾರಿಹೋಕರನ್ನು ಕೇಳುವ ಹೆಣ್ಣಿನ ಪದ. ಊರಿಗೆಲ್ಲ ಸ್ವರ ತಿದ್ದುವ ಈ ಹೆಂಗಸು ಹೀಗೆ ಕೂತು ಹಾಡಿದ್ದನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ. ದನಿ ಒಡೆದಿತ್ತು. ನಾಲ್ಕು ಸಾಲು ಆಗುವಷ್ಟರಲ್ಲಿ ಮುಂದಿನದು ಮರೆತುಹೋಗಿ ನಿಂತಳು.

ಆಗ ಹಿಂದಿನ ಸಾಲಿನಿಂದ, ಗೋಡೆಗೆ ಒರಗಿದ್ದ ಒಂದು ಸಣಕಲು ಹುಡುಗಿ ಮುಂದಿನ ಸಾಲು ಎತ್ತಿಕೊಂಡಳು. ಅವಳ ಧಾಟಿ ಬೇರೆಯೇ ಇತ್ತು, ಕೊನೆಯಲ್ಲಿ ಎಳೆದು ಮೇಲಕ್ಕೆ ಒಯ್ಯುತ್ತಿದ್ದಳು. ಅವಳ ಜೊತೆ ಇನ್ನೊಬ್ಬಳು ಸೇರಿದಳು. ಪದ ಮುಗಿದಾಗ ಯಾರೋ ತೆಲುಗಿನದೊಂದು ಶುರುಮಾಡಿದರು, ತಾಂಡಾದ ಹುಡುಗಿಯರು ತಮ್ಮ ಲಂಬಾಣಿಯದು. ಹಾಡಲು ಬಾರದ ಆ ಹುಡುಗಿಯರನ್ನು ನಿಲ್ಲಿಸಲು ಊಟದ ಗಂಟೆಯೇ ಬೇಕಾಯಿತು. ವಾರ್ಡನ್ ಕೂಡ ಬಾಯೊಳಗೇ ಗುನುಗುತ್ತಿದ್ದರು. ನಾನು ನೋಡಿದ್ದು ಗೊತ್ತಾದೊಡನೆ ಕೆಮ್ಮಿದರು.

ನಿಮ್ಮ ಮನೆಯಲ್ಲಿ ಯಾರು ಯಾವಾಗ ಏನು ಹಾಡುತ್ತಾರೋ ಅದನ್ನೇ ಬರೆದು ಕೊಡಿ, ತಪ್ಪು ನೋಡುವುದಿಲ್ಲ ಎಂದು ಅತ್ತೆ ಹೇಳಿದಳು. ತಪ್ಪು ನೋಡುವುದಿಲ್ಲವಂತೆ! ನಾನು ಅವಳನ್ನು ಎರಡು ಸಲ ನೋಡಿದೆ.

ಲಗ್ನದ ಸೀಸನ್ನು ಮುಗಿದು 'ಹಾಡ್ರಿ' ಹೊರಗೆ ಬಂತು. ಮುಖಪುಟಕ್ಕೆ ಮಿಕ್ಕಿದ್ದ ಮದುವೆ ಕಾರ್ಡಿನ ಕಾಗದ, ಬಂಗಾರದ ಅಂಚು, ಸ್ವಲ್ಪ ಅತ್ತರಿನ ವಾಸನೆ. ಒಳಗೆ ಹುಡುಗಿಯರ ಬರಹ, ವಾಡಿಯಲ್ಲಿ ಸಿಕ್ಕ ಕೆಲವು ಹುಡುಗರದು, ಮತ್ತು ಕವ್ವಾಲಿ ಬಗ್ಗೆ ಪೊಲೀಸಪ್ಪನ ಅರ್ಧ ಪುಟ. ದೊಡ್ಡ ಊರಿನ ಸಂಪಾದಕರಿಗೆ ಒಂದು ಪ್ರತಿ ಕಳಿಸೋಣವೇ ಎಂದು ಕೇಳಿದೆ.

"ಬ್ಯಾಡ ತಮ್ಮಾ. ಅವರ ಕಡಿ ಓದೋರು ಕಡಿಮಿ ಇರಬಹುದು."

ಪ್ರತಿಗಳನ್ನು ಹಂಚಲು ಮತ್ತೆ ಚಿಂಚೋಳಿಗೆ ಹೋದೆವು. ಹುಡುಗಿಯರು ಅಚ್ಚಿನಲ್ಲಿ ತಮ್ಮ ಹೆಸರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಎಲ್ಲ ಮುಗಿಸಿ ನಾನು ಕಾರು ಶುರುಮಾಡಿದ್ದೆ. ಆ ಸಣಕಲು ಹುಡುಗಿ ಒಬ್ಬ ಹೆಂಗಸಿನ ಕೈಹಿಡಿದು ಓಡಿಬಂದಳು. ಅವಳ ತಾಯಿ, ಹೊಲದ ಕೆಲಸ ಬಿಟ್ಟು ಬಸ್ಸು ಹಿಡಿದು ಬಂದಿದ್ದಳು, ಬಸ್ಸು ತಡವಾಗಿತ್ತು. ಪತ್ರಿಕೆ ಅವಳ ಕೈಯಲ್ಲೇ ಇತ್ತು. ಮಗಳು ಬೆರಳಿಟ್ಟು ತೋರಿಸಿದ ಪುಟವನ್ನು ಆಕೆ ಕಾರಿನ ಕಿಟಕಿಯೊಳಗೆ ಚಾಚಿದಳು.

"ನನಗ ಓದ್ಲಿಕ್ಕ ಬರಲ್ರಿ ಅಕ್ಕಾರ. ಇದ್ರಾಗ ನಾ ಹಾಡಿದ್ದು ಅದ ಅಂತಾಳ. ಖರೇನ್ರಿ?"

ಅತ್ತೆ ಪುಟವನ್ನು ನೋಡಿದಳು. ಆಮೇಲೆ ಕೈಚಾಚಿ ನನ್ನ ಕಾರಿನ ಕೀಲಿಯನ್ನು ತಾನೇ ತಿರುಗಿಸಿದಳು. ಎಂಜಿನ್ ನಿಂತಿತು.

"ಬರೇ ಅಕ್ಷರ ಅದಾವವ್ವ ಇಲ್ಲಿ," ಎಂದಳು, ಹಿಂದಿನ ಸೀಟಿನ ಬಾಗಿಲು ತೆಗೆಯುತ್ತ. "ಬಾ, ಒಳಗ ಕುಂದ್ರು. ನೀ ಹಾಡು, ನಾ ಕೇಳ್ತೀನಿ."